ಸುಂದರಿ ಕೂಗಿದ ವಾರ

ಸುಂದರಿ ಕೂಗಿದ್ದನ್ನು ಮೊದಲು ಕೇಳಿದವಳು ಅಮಿತಾ. ಕೋಪರಿಯ ಚಾಳಿನ ಹಿಂದೆ, ಹಳೆಯ ಹಲಗೆಗಳ ಗೂಡಿನ ಮುಂದೆ ನಿಂತು ಆ ಕೆಂಪು ಹೇಂಟೆ ರೆಕ್ಕೆ ಬಡಿದು, ಕತ್ತು ಚಾಚಿ, ಥೇಟ್ ಹುಂಜನಂತೆ ಕೂಗಿತು. ಕೊನೆಯಲ್ಲಿ ಸ್ವರ ಒಡೆಯಿತು. ಬೆಳಗಿನ ನೀರಿಗೆ ಬಂದಿದ್ದ ಅಮಿತಾ ಕೊಡ ಇಳಿಸಿ ಸುತ್ತ ನೋಡಿದಳು. ಯಾರೂ ಇರಲಿಲ್ಲ.

ಹೇಂಟೆ ಕೂಗಿದರೆ ಮನೆಯಲ್ಲಿ ಸಾವು, ಕೂಗಿದ ದಿನವೇ ಅದನ್ನು ಕೊಯ್ಯಬೇಕು. ಅಮಿತಾಳ ಬಾಗಿ ಅಜ್ಜಿ ತನ್ನೂರು ಕಟಪಾಡಿಯಿಂದ ಈ ಮರಾಠಿ ಊರಿಗೆ ತಂದ ಕ್ರಮ ಅದು. ಅಮಿತಾಳ ತಾಯಿ ವಿಮಲಾಳಿಗೆ ಬರುವ ಸೋಮವಾರ ಗರ್ಭಕೋಶದ ಆಪರೇಷನ್.

ಸುಂದರಿಯ ಅಜ್ಜಿಯೂ ಕಟಪಾಡಿಯದೇ. ಬಾಗಿ ಅಜ್ಜಿ ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದ ಮರಿ. ಊರಿನ ಈ ಜಾತಿ ಫಾರಂ ಕೋಳಿಯ ಹಾಗೆ ದಿನವೂ ಇಡುವುದಿಲ್ಲ. ಆದರೆ ಇಟ್ಟದ್ದನ್ನು ತಾನೇ ಕಾವು ಕೂತು ಮರಿ ಮಾಡುತ್ತದೆ. ಹೇಂಟೆ ಮೊಟ್ಟೆಗಾಯಿತು, ಹುಂಜ ಸಾರಿಗಾಯಿತು, ಹೊರಗಿನಿಂದ ಏನೂ ತರಬೇಕಿಲ್ಲ. ಶಾಲೆ ಬಿಟ್ಟ ಅಮಿತಾಳಿಗೆ ತನ್ನದೆಂದು ಇದ್ದದ್ದು ಈ ಗೂಡೊಂದೇ. ಈಗ ಅದರಲ್ಲಿ ಆ ಜಾತಿಯದು ಸುಂದರಿ ಮಾತ್ರ.

ಹುಂಜ ಇಲ್ಲದ್ದರಿಂದಲೇ ಸುಂದರಿ ಕೂಗಿದ್ದು ಎಂದು ಅವಳಿಗೆ ಅನಿಸಿತ್ತು. ಪುಣೆಯ ಅತ್ತೆ ಬಂದಾಗ ಹುಂಜ ಕೋರಿ ರೊಟ್ಟಿಯ ಸಾರಿಗೆ ಹೋಗಿತ್ತು. ಅಂದಿನಿಂದ ಬೆಕ್ಕು ಬಂದರೆ ಎದುರು ನಿಲ್ಲುವವಳು ಸುಂದರಿಯೇ. ಆದರೆ ಅಜ್ಜಿಯ ಮುಂದೆ ಅಮಿತಾಳ ಬಾಯಿ ತೆರೆಯುತ್ತಿರಲಿಲ್ಲ. ಅಜ್ಜಿಗೆ ಕಿವಿ ಮಂದ, ಅಮ್ಮನಿಗೆ ಮಾತ್ರೆಯ ನಿದ್ದೆ, ಹಾಗಾಗಿ ಇಬ್ಬರಿಗೂ ಕೂಗು ಕೇಳಿರಲಿಲ್ಲ. ಬೆಳಗಾದದ್ದು ಸುಂದರಿಗೆ ಕಾಣದಂತೆ ಅಮಿತಾ ಪ್ರತಿ ಸಂಜೆ ಗೂಡಿನ ಮೇಲೆ ಗೋಣಿ ಹೊದಿಸಿದಳು. ಕತ್ತಲೆಯಲ್ಲಿ ಸುಂದರಿ ಸುಮ್ಮನಿದ್ದಳು.

ಶನಿವಾರ ಅವಳು ಕಾರ್ಖಾನೆಗಳಿರುವ ವಾಗ್ಳೆ ಎಸ್ಟೇಟಿಗೆ ಹೋದಳು. ಅಲ್ಲಿ ಕಾರ್ಖಾನೆಯೊಂದರ ವಾಚ್‌ಮನ್ ಬಾಲಪ್ಪ ಗೇಟಿನ ಹಿಂದೆ ಕೋಳಿ ಸಾಕಿದ್ದ. ಸುಂದರಿಯ ಎರಡು ಮರಿ ಅವನಲ್ಲಿದ್ದವು.

"ಕಾಕಾ, ಸ್ವಲ್ಪ ದಿನಕ್ಕೆ ಒಂದು ಹುಂಜ ಬೇಕಿತ್ತು."

"ಯಾಕವಾ, ಹ್ಯಾಟಿ ಕೂಗಾಕ ಹತ್ತೈತೇನು?" ಬಾಲಪ್ಪ ನಕ್ಕ. "ಹುಂಜ ಇಲ್ಲಂದ್ರ ಯಾರರ ಒಬ್ರು ಕೂಗಬೇಕಲ್ಲ. ನಾ ಡ್ಯೂಟಿಗೆ ಬಂದ್ರ ಮನ್ಯಾಗ ನಿಮ್ಮ ಕಾಕಿದ ಕೂಗು. ಒಯ್ಯಿ ಇದನ್ನ. ಮರಿ ಆದ್ರ ನನಗೊಂದು ಕೊಡು."

ಕಾಲು ಕಟ್ಟಿದ ಹುಂಜವನ್ನು ಚೀಲದಲ್ಲಿ ಅಪ್ಪಿಕೊಂಡು ಅವಳು ಚಾಳಿಗೆ ಮರಳಿದಾಗ ನಲ್ಲಿಯ ಹತ್ತಿರ ಪಕ್ಕದ ಮನೆಯ ಮುಕ್ತಾ ಮೌಶಿ ಕೂತಿದ್ದಳು.

"ಅಗಂ, ತುಮ್ಚೀ ಕೋಂಬಡೀ ಕೋಂಬಡಾ ಝಾಲೀ ಕೀ!" ನಿಮ್ಮ ಹೇಂಟೆ ಹುಂಜವಾಯಿತಲ್ಲೇ ಎಂದು ಮರಾಠಿಯಲ್ಲಿ ನಕ್ಕಳು. ಮಧ್ಯಾಹ್ನ ಅದು ಹುಂಜನಂತೆ ಕೂಗಿದ ತಮಾಷೆಯನ್ನು ಅಜ್ಜಿಯನ್ನೇ ಕರೆದು ತೋರಿಸಿದ್ದಳಂತೆ.

ಹಗಲಿಗೆ ಗೋಣಿ ಹೊದಿಸುವುದು ಅಮಿತಾಳಿಗೆ ಹೊಳೆದಿರಲಿಲ್ಲ. ಬಾಗಿಲಲ್ಲೇ ಕೋಳಿಸಾರಿಗೆ ಹುರಿದ ಕೊತ್ತಂಬರಿ, ತೆಂಗಿನಕಾಯಿಯ ವಾಸನೆ ಬಂತು.

"ಗೋಣಿ ಹಾಕಿದ್ದು ನೀನೇ ಅಲ್ವಾ?" ಅಜ್ಜಿ ಒಲೆಯ ಮುಂದಿನಿಂದ ಏಳಲಿಲ್ಲ. "ಗೊತ್ತಿದ್ದೂ ಹೇಳ್ಲಿಲ್ಲ. ನಿನ್ನ ಅಮ್ಮನ ಜೀವಕ್ಕಿಂತ ಆ ಕೋಳಿ ಹೆಚ್ಚಾಯ್ತಾ?"

"ಹುಂಜ ಇದ್ದಿದ್ರೆ ಕೂಗ್ತಿರ್ಲಿಲ್ಲ ಅಜ್ಜಿ..."

"ಹೌದು ಮಾರಾಯ್ತಿ, ನೀನು ಕೋಳಿ ಡಾಕ್ಟ್ರು!"

ಅಮಿತಾ ಚೀಲ ಇಳಿಸಿದಳು. ಒಲೆಯ ಪಕ್ಕ ಒಂದು ಸ್ಟೀಲಿನ ತಟ್ಟೆ ಇತ್ತು. ಅದರಲ್ಲಿ ಸುಂದರಿಯ ಹೊಟ್ಟೆಯಿಂದ ತೆಗೆದ ಗಟ್ಟಿ ಚಿಪ್ಪಿನ ಒಂದು ಮೊಟ್ಟೆ, ಪಕ್ಕದಲ್ಲಿ ಗೋಲಿಯಿಂದ ಹಿಡಿದು ಸಾಸಿವೆಯಷ್ಟರವರೆಗೆ, ಇನ್ನೂ ಮೊಟ್ಟೆಯಾಗದ ಹಳದಿ ಕಾಳುಗಳ ಗೊಂಚಲು. ಅವಳು ಅದನ್ನು ನೋಡುತ್ತಿರುವುದು ಅಜ್ಜಿಗೂ ಕಂಡಿತು.

"ಇನ್ನೂ ಇಡ್ತಿತ್ತು," ಎಂದಳು ಅಜ್ಜಿ, ಬೇರೆ ಕಡೆ ಮುಖ ಮಾಡಿ. ಆಮೇಲೆ ಗೊಂಚಲನ್ನು ಸಾರಿಗೆ ಬಿಟ್ಟಳು.

ಊಟಕ್ಕೆ ಕೂತಾಗ ವಿಮಲಾ ಆ ವಾರದಲ್ಲಿ ಮೊದಲ ಬಾರಿಗೆ ಎರಡನೇ ಸಲ ಬಡಿಸಿಕೊಂಡಳು. ಕೂಗಿದ ಕೋಳಿಯನ್ನು ಕೊಯ್ದಾಯಿತೆಂದು ಅಜ್ಜಿ ಅವಳಿಗೆ ಹೇಳಿದ್ದಳು. "ಈಗ ಹೆದರಿಕೆ ಹೋಯ್ತು ಮಗಾ. ನೀನೂ ತಿನ್ನು."

ಹಳದಿ ಕಾಳುಗಳು ಮನೆಯ ಕಿರಿಯರ ಪಾಲು. ಅಜ್ಜಿ ಅವನ್ನು ಅಮಿತಾಳ ತಟ್ಟೆಗೇ ಹಾಕಿದ್ದಳು. ಅಮಿತಾ ಅವನ್ನು ಅನ್ನದ ಅಂಚಿಗೆ ಸರಿಸಿದಳು. ಅಮ್ಮ ಗುಣವಾಗಿ ಬಂದರೆ ಸುಂದರಿಯನ್ನು ಕೊಯ್ದದ್ದಕ್ಕೇ ಬಂದಳು ಎನ್ನುತ್ತಾರೆ. ಹಾಗೆ ಅನ್ನುವಂತಾಗಲಿ ಎಂದೇ ಅವಳೂ ಬೇಡಿಕೊಳ್ಳಬೇಕು.

ಹೊರಗೆ ಅಮಿತಾ ಹುಂಜವನ್ನು ಮುಚ್ಚಿಟ್ಟ ಬುಟ್ಟಿಯ ಕೆಳಗಿನಿಂದ ಕೂಗು ಬಂತು. ವಿಮಲಾಳ ಕೈ ತಟ್ಟೆಯ ಮೇಲೆ ನಿಂತಿತು.

"ಅದು ಹುಂಜ ಅಲ್ವಾ?"

"ಹೌದಮ್ಮ. ಹುಂಜವೇ."

ವಿಮಲಾ ತುತ್ತು ಬಾಯಿಗಿಟ್ಟಳು.