ದಿನಕ್ಕೊಂದು ಬೆರಳು

ನಾನು ಓದಬೇಕೆಂದುಕೊಂಡಿದ್ದು ರಸಾಯನಶಾಸ್ತ್ರ. ಹೈದರಾಬಾದಿನಲ್ಲಿ ಇಂಟರ್ ಮುಗಿಸಿದ್ದೆ. ನಿಜಾಮರ ಲೆಕ್ಕದ ಫಸಲಿ ೧೩೪೦ರ, ಅಂದರೆ ೧೯೩೧ರ ಬೇಸಿಗೆ ಕೊನೆಗೆ ಅಲ್ಲೇ ಬಿ.ಎಸ್‌ಸಿ.ಗೆ ಜಾಗ ಸಿಕ್ಕಿತು. ಸೋಮವಾರದೊಳಗೆ ಹೋಗಿ ಹೆಸರು ಹಚ್ಚದಿದ್ದರೆ ಒಂದು ವರ್ಷ ಹೋದಂತೆಯೇ. ಕಮಲಾಪುರದಿಂದ ನನ್ನನ್ನು ಕರೆದೊಯ್ಯಬೇಕಾದವರು ನನ್ನ ಗಂಡ ದೇವೀಂದ್ರಪ್ಪ. ಅದೇ ಹೊತ್ತಿಗೆ ಅವರ ಮೀನಖಂಡದಲ್ಲಿ ನಾರುಹುಣ್ಣು ಕಾಣಿಸಿಕೊಂಡಿತು.

ನಮ್ಮೂರಿಗೆ ಅದು ಹೊಸದಲ್ಲ. ಮೆಟ್ಟಿಲಬಾವಿಯ ನೀರು ಕುಡಿಯುವ ಮನೆಗಳಲ್ಲಿ ಪ್ರತಿ ಬೇಸಿಗೆಗೂ ಯಾರದಾದರೂ ಕಾಲಿನ ಹುಣ್ಣಿನಿಂದ ದಾರದಂಥ ಬಿಳಿ ಹುಳು ಹೊರಬರುತ್ತಿತ್ತು. ಮುದುಕಿ ಮೆಹಬೂಬಿ ಬಂದು ಅದರ ತುದಿಯನ್ನು ಕಡ್ಡಿಗೆ ಸುತ್ತಿ ಕಟ್ಟುತ್ತಿದ್ದರು. ದಿನಕ್ಕೆ ಸುತ್ತುವುದು ಒಂದು ಬೆರಳಿನ ಅಗಲದಷ್ಟೇ.

"ಎಳೀಬ್ಯಾಡ್ರಿ," ಎಂದರು ನನಗೆ, ಗಂಡನ ಕಾಲಿಗೆ ಕಡ್ಡಿ ಕಟ್ಟುತ್ತ. "ಹರದ್ರ ಒಳಗ ವಿಷ ಆಗ್ತದ."

ಹುಳು ಪೂರ್ತಿ ಹೊರಬರಲು ಇನ್ನೂ ಹದಿನೈದು ದಿನ ಬೇಕಿತ್ತು. ನಮಗೆ ಇದ್ದದ್ದು ಐದು. ಗಂಡ ಕಡ್ಡಿಯ ಮೇಲೆ ಧೋತರ ಇಳಿಬಿಟ್ಟು ಗಾಡಿ ಹತ್ತಿದರು.

"ನೀ ಕಲ್ತು ಬಂದು ಇದನ್ನ ಕರಗಸೂ ಔಷಧ ಮಾಡು," ಎಂದರು. "ಅಲ್ಲೀತನ ಇದೂ ನಮ್ಮ ಕೂಡ ತಿರಗಾಡ್ಲಿ."

ಕಲಬುರಗಿಯಲ್ಲಿ ಸ್ಟೇಷನ್ನಿನ ಹತ್ತಿರ ಬಂಧುಗಳ ಮನೆಯಲ್ಲಿ ಇಳಿದೆವು. ಗಂಡನಿಗೆ ಗೋಡೆ ಹಿಡಿಯದೆ ನಡೆಯಲು ಆಗುತ್ತಿರಲಿಲ್ಲ. ಬಿಸಿನೀರಿಗೆ ಹುಳು ಸಡಿಲವಾಗುತ್ತದೆ, ದಿನಕ್ಕೊಂದು ಬೆರಳೆಂಬುದು ಬರೀ ರೂಢಿ ಎಂದು ನಾನು ವಾದಿಸಿದೆ. ಅವರು ಒಪ್ಪಿ ಕಾಲು ಚಾಚಿದರು. ನಾಲ್ಕು ಬೆರಳು ಸಲೀಸಾಗಿ ಬಂತು. ಐದನೆಯದಕ್ಕೆ ಹರಿಯಿತು. ಉಳಿದದ್ದು ಒಳಗೆ ಸರಿಯಿತು.

ಸೋಮವಾರದ ಹೊತ್ತಿಗೆ ಕಾಲು ತೊಡೆಯವರೆಗೆ ಬಾತಿತ್ತು. ಹುಳು ಹರಿದ ಒಂಬತ್ತನೆಯ ದಿನ ತೀರಿಕೊಂಡರು.

ಮೆಹಬೂಬಿ ಸುತ್ತಿದ್ದೇ ಹರಿಯಿತೆಂದು ಊರಲ್ಲಿ ಮಾತಾಯಿತು. ನಾನು ಅಲ್ಲಗಳೆಯಲಿಲ್ಲ. ಜನ ಆಕೆಯನ್ನು ಕರೆಯುವುದು ಬಿಟ್ಟರು.

ಆ ಹುಳು ಎಲ್ಲಿಂದ ಬರುತ್ತದೆ, ಒಳಗೆ ಎಷ್ಟು ಉದ್ದವಿರುತ್ತದೆ, ಹರಿದರೆ ಏಕೆ ಕೊಲ್ಲುತ್ತದೆ, ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿದೆ ಎಂದುಕೊಂಡಿದ್ದೆ. ಮರುವರ್ಷ ಅರ್ಜಿಯಲ್ಲಿ ರಸಾಯನಶಾಸ್ತ್ರದ ಬದಲು ಪ್ರಾಣಿಶಾಸ್ತ್ರ ಎಂದು ಬರೆದು ಮಾವ ಅಣವೀರಪ್ಪನವರ ಮುಂದಿಟ್ಟೆ. ಅವರ ಸಹಿಯಿಲ್ಲದೆ ಹೋಗುವಂತಿರಲಿಲ್ಲ. ಮಗನನ್ನು ತಿಂದ ಹುಳುವನ್ನೇ ಯಾಕೆ ಓದುತ್ತೀ ಎಂದು ಕೇಳಿದರು.

"ಹರದಾಕಿ ನಾನೇರಿ, ಮಾವಾರ. ಮೆಹಬೂಬಿ ಅಲ್ಲ."

ಕಾಗದವನ್ನು ಮಡಚಿ ತಮ್ಮ ಬಳಿಯೇ ಇಟ್ಟುಕೊಂಡರು.

"ಮದ್ಲ ಹೋಗಿ ಆಕಿಗಿ ಹೇಳು," ಎಂದರು. "ಸಹಿ ಆಮ್ಯಾಲ."

ಮೆಹಬೂಬಿ ಜೋಳ ಹಸನು ಮಾಡುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಮೊರ ನಿಲ್ಲಲಿಲ್ಲ.

"ನನಗ ಗೊತ್ತಿತ್ತು, ಬೇಟಿ," ಎಂದರು. "ಓದಾಕ ಹೊಂಟೀಯಲ್ಲ, ಇದನ್ನ ಬರ್ಕೋ. ನಲವತ್ತು ವರ್ಷದಾಗ ನಾ ಸುತ್ತಿದ್ದು ಒಂದೂ ಹರದಿಲ್ಲ."

ಬರೆದುಕೊಂಡೆ. ಮಾವ ಸಹಿ ಹಾಕಿದರು. ನಡೆದದ್ದನ್ನು ಊರಿಗೂ ಹೇಳಿದರು. ಆದರೂ ಆ ಬೇಸಿಗೆ ಮೆಹಬೂಬಿಯ ಬಾಗಿಲಿಗೆ ಕಾಲು ತೋರಿಸಲು ಯಾರೂ ಬರಲಿಲ್ಲ.