ಶಾ ಎಂದರೆ ಗುಜರಾತಿ ಅಲ್ಲ

ನಾನು ಒಂದು ನಗೆ ಕಾದಂಬರಿಯ ಪ್ರತಿ. ಗದಗಿನ ಒಂದು ಸಣ್ಣ ಮುದ್ರಣಾಲಯದಲ್ಲಿ, ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಹುಟ್ಟಿದೆ. ದೊಡ್ಡ ಹಾಳೆಯಾಗಿ ಯಂತ್ರದಿಂದ ಹೊರಬಿದ್ದೆ. ಆಮೇಲೆ ನನ್ನನ್ನು ಮಡಚಿದರು, ಹೊಲಿದರು, ಬೆನ್ನಿಗೆ ಅಂಟು ಬಳಿದು ರಟ್ಟು ಕೂಡಿಸಿದರು, ಕೊನೆಗೆ ಮೂರು ಬದಿಯ ಅಂಚನ್ನು ಕತ್ತರಿಸಿದರು. ನನ್ನ ಒಂದು ಹಾಳೆಯನ್ನು ಸ್ವಲ್ಪ ಒಳಕ್ಕೆ ಮಡಚಿದ್ದರಿಂದ ಕತ್ತಿ ಅದನ್ನು ಮುಟ್ಟಲಿಲ್ಲ. ಹೀಗಾಗಿ ಎರಡು ಎಲೆಗಳು ಹೊರ ಅಂಚಿನಲ್ಲಿ ಕೂಡಿಕೊಂಡೇ ಉಳಿದವು. ತೊಂಬತ್ತೇಳನೆಯ ಪುಟ ತಿರುಗಿಸಿದರೆ ನೇರವಾಗಿ ನೂರನೆಯ ಪುಟ ಸಿಗುತ್ತಿತ್ತು. ನಡುವಿನ ಎರಡು ಪುಟಗಳು ಜೇಬಿನೊಳಗೆ ಇದ್ದಂತೆ ಇದ್ದವು.

ನನ್ನ ಹೆಸರು 'ಗೂಟ ಕಿತ್ತ ಪ್ರೀತಿ'. ನನ್ನ ಕಥೆ ನಡೆಯುವುದು ಅಮೆರಿಕದ ಲೂಸಿಯಾನಾದ ಜೌಗು ನೆಲದಲ್ಲಿ. ಅಲ್ಲಿ ಕೇಜನ್ ಎಂಬ ಜನರಿದ್ದಾರೆ. ಅವರ ಹಿರಿಯರು ಫ್ರೆಂಚರು. ಕೆನಡಾದ ಕಡೆ ನೆಲೆಸಿದ್ದವರನ್ನು ಇಂಗ್ಲಿಷರು ಓಡಿಸಿದ ಮೇಲೆ ಅವರಲ್ಲಿ ಹಲವರು ಅಲ್ಲಿಗೆ ಬಂದರು. ಒಕ್ತಾವ್ ಎಂಬ ದೋಣಿಗಾರ ಈ ಕೇಜನ್ನರಲ್ಲೊಬ್ಬ. ಸೇತುವೆಗೆ ಜಾಗ ಅಳೆಯಲು ಮೇಬಲ್ ಎಂಬ ಇಂಜಿನಿಯರ್ ಹುಡುಗಿ ಪಟ್ಟಣದಿಂದ ಬರುತ್ತಾಳೆ. ಸೇತುವೆ ಬಂದರೆ ದೋಣಿ ನಿಲ್ಲುತ್ತದೆ. ಅವಳು ಹಗಲು ನೆಟ್ಟ ಗೂಟಗಳನ್ನು ಅವನು ಸಂಜೆ ಕೀಳುತ್ತಾನೆ, ಮರುದಿನ ಹುಡುಕಿಕೊಡಲು ತಾನೇ ಬರುತ್ತಾನೆ.

ನನ್ನನ್ನು ಕನ್ನಡಕ್ಕೆ ತಂದವರು ವತ್ಸಲಾ ಕೇಣಿ. ಸಮುದ್ರದ ದಂಡೆಯ ಕಡವೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರು ಆಪರೇಟರ್. ಮದುವೆಯಾಗಿರಲಿಲ್ಲ, ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಹುಬ್ಬಳ್ಳಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಹಳೆಯ ಪುಸ್ತಕದ ರಾಶಿಯಲ್ಲಿ ಇಂಗ್ಲಿಷ್ ಮೂಲ ಸಿಕ್ಕಿತ್ತು. ಅಷ್ಟು ನಕ್ಕದ್ದು ತನಗೆ ನೆನಪಿಲ್ಲ ಎಂದು ಮುನ್ನುಡಿಯಲ್ಲಿ ಬರೆದಿದ್ದಾರೆ. ಬೇರೆ ಯಾರಾದರೂ ಹಾಗೆ ನಗುವುದನ್ನು ಕೇಳಬೇಕು ಎಂಬುದಷ್ಟೇ ಅವರ ಆಸೆ. ಅದನ್ನು ಮುನ್ನುಡಿಯಲ್ಲಿ ಬರೆದಿಲ್ಲ.

ಅನುವಾದದಲ್ಲಿ ಅವರನ್ನು ಕಾಡಿದ್ದು ಒಂದೇ ಮಾತು. ಒಕ್ತಾವ್ ಮಾತುಮಾತಿಗೆ 'ಶಾ' ಎನ್ನುತ್ತಾನೆ. ಅದು 'ಪ್ರಿಯ' ಎಂಬರ್ಥದ ಫ್ರೆಂಚ್ ಮಾತು. ಕೇಜನ್ನರ ಬಾಯಲ್ಲಿ ಹಾಗಾಗಿದೆ. 'ಪ್ರಿಯೆ' ಎಂದು ಬರೆಯೋಣವೆಂದರೆ, ಅವನು ಅದನ್ನು ಅಜ್ಜಿಗೂ ಹೇಳುತ್ತಾನೆ, ನಾಯಿಗೂ ಹೇಳುತ್ತಾನೆ, ಸೋರುವ ದೋಣಿಗೂ ಹೇಳುತ್ತಾನೆ. ವತ್ಸಲಾ 'ಶಾ' ಎಂದೇ ಉಳಿಸಿದರು. ಕಥೆಯೊಳಗೇ ಅದರ ವಿವರಣೆ ಬರುವುದರಿಂದ ಅಡಿಟಿಪ್ಪಣಿ ಹಾಕಲಿಲ್ಲ. ಮೇಬಲ್ ಒಂದು ದಿನ ಸಿಟ್ಟಾಗಿ, ಇಷ್ಟು ದಿನ ನನ್ನನ್ನು ಯಾರ ಹೆಸರಿನಿಂದ ಕರೆಯುತ್ತಿದ್ದೀ ಎಂದು ಕೇಳುತ್ತಾಳೆ. ಒಕ್ತಾವ್ ಅವಳನ್ನು ದೋಣಿಯಲ್ಲಿ ಕೂರಿಸಿ ಅರ್ಥ ಹೇಳುತ್ತಾನೆ. ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ನಗು ಬರುವ ಜಾಗ ಅದು. ನನ್ನ ಪಾಲಿಗೆ ಅದು ತೊಂಬತ್ತೆಂಟು, ತೊಂಬತ್ತೊಂಬತ್ತನೆಯ ಪುಟಗಳಲ್ಲಿ ಬಿತ್ತು.

ಪ್ರತಿಗಳ ಕಟ್ಟು ಬಿಚ್ಚಿದಾಗ ವತ್ಸಲಾ ಆ ಕೂಡಿಕೊಂಡ ಎಲೆಗಳನ್ನು ನೋಡಿದರು. ಬಿಡಿಸಲು ಚಾಕು ತಂದರು. ಸ್ವಲ್ಪ ಹೊತ್ತು ಯೋಚಿಸಿ ಚಾಕು ವಾಪಸ್ ಇಟ್ಟರು. ಊರಿನವರಿಗೆ ಓದಲು ಕೊಡುವ ಪ್ರತಿಯಾಗಿ ನನ್ನನ್ನೇ ಆರಿಸಿಕೊಂಡರು.

ಓದುವವರ ಮುಖವನ್ನು ನಾನು ಯಾವಾಗಲೂ ಕೆಳಗಿನಿಂದ ನೋಡುತ್ತೇನೆ: ಗದ್ದ, ಮೂಗಿನ ಹೊಳ್ಳೆ, ಕನ್ನಡಕದ ಕೆಳ ಅಂಚು. ಮೊದಲು ನೋಡಿದ್ದು ಅತ್ತಿಗೆಯ ಗದ್ದ. ಅವರು ಕೆಲವು ಪುಟ ಓದಿ ನನ್ನನ್ನು ಹಾಲಿನ ಪಾತ್ರೆಯ ಮೇಲೆ ಮುಚ್ಚಿಟ್ಟರು. ಆ ಉರುಟು ಕಲೆ ಈಗಲೂ ನನ್ನ ರಟ್ಟಿನ ಮೇಲಿದೆ.

"ಲಾಯ್ಕ ನಗು ಬರ್ತದೆ ವತ್ಸಲಾ," ಎಂದರು ಹಿಂತಿರುಗಿಸುವಾಗ. "ಒಂದೇ ನಂಗೆ ತಿಳೀಲಿಲ್ಲ. ಈ ಶಾ ಅನ್ನೋರು ಗುಜರಾತಿಯವ್ರಲ್ವಾ? ಅವ್ರು ಮೀನು ತಿಂತಾರಾ?"

"ಅಲ್ಲಿಯವರು ತಿಂತಾರೆ ಅತ್ತಿಗೆ," ಎಂದರು ವತ್ಸಲಾ.

ಎಕ್ಸ್‌ಚೇಂಜಿನ ಸೂಪರ್‌ವೈಸರ್ ಒಂದು ವಾರ ಇಟ್ಟುಕೊಂಡು, ಒಂದೇ ಕಡೆ ತೆರೆದು, ಅಲ್ಲೇ ನಿದ್ದೆ ಮಾಡಿದರು. "ಶಾ ಪಾತ್ರ ಭಾರೀ ಚೆನ್ನಾಗಿ ಬಂದಿದೆ ಮೇಡಂ. ವ್ಯಾಪಾರಿಯ ಬುದ್ಧಿ ಅಂದ್ರೆ ಹಾಗೇ." ವತ್ಸಲಾ ನನ್ನನ್ನು ತೆಗೆದುಕೊಂಡು, ಅವರು ಆಚೆ ತಿರುಗಿದ ಮೇಲೆ ಹೆಬ್ಬೆರಳಿನಿಂದ ಹೊರ ಅಂಚನ್ನು ಮುಟ್ಟಿ ನೋಡಿದರು. ಎಲೆಗಳು ಕೂಡಿಕೊಂಡೇ ಇದ್ದವು.

ಮೂರನೆಯವರು ಒಬ್ಬ ಉಪನ್ಯಾಸಕರು. ಸಾಹಿತ್ಯ ಸಭೆಯೊಂದರಲ್ಲಿ ನನ್ನ ಬಗ್ಗೆ ಮಾತನಾಡಲು ಒಪ್ಪಿದ್ದರು. ವತ್ಸಲಾ ಹೊಸ ಸೀರೆ ಉಟ್ಟು ವೇದಿಕೆಯ ಮೇಲೆ ಕೂತಿದ್ದರು. ಉಪನ್ಯಾಸಕರು ನನ್ನನ್ನು ಎತ್ತಿ ಹಿಡಿದು, ಸಾಗರದಾಚೆ ಹೋದರೂ ತಮ್ಮತನ ಬಿಡದ ಗುಜರಾತಿ ಸಮುದಾಯದ ಬವಣೆಯನ್ನು ಲೇಖಕಿ ಹೃದಯಂಗಮವಾಗಿ ಚಿತ್ರಿಸಿದ್ದಾರೆ ಎಂದರು. ಜನ ಚಪ್ಪಾಳೆ ತಟ್ಟಿದರು. ವತ್ಸಲಾ ಎದ್ದು ಎಲ್ಲರಿಗೂ ವಂದನೆ ಹೇಳಿ ಕೂತರು. ಮನೆಗೆ ಬಂದು ಸೀರೆ ಮಡಚಿಟ್ಟರು, ನನ್ನನ್ನು ಅದರ ಕೆಳಗೆ ಇಟ್ಟರು. ಬಹಳ ದಿನ ನಾನು ಅಲ್ಲೇ ಇದ್ದೆ. ನಗಿಸಲೆಂದು ಹುಟ್ಟಿದವನಿಗೆ ಸೀರೆಯ ಕೆಳಗೆ ಮಾಡುವ ಕೆಲಸ ಏನೂ ಇಲ್ಲ.

ನನ್ನನ್ನು ಅಲ್ಲಿಂದ ಹೊರತಂದದ್ದು ಒಂದು ಧ್ವನಿ. ಆಗ ಪರ ಊರಿಗೆ ಮಾತನಾಡಬೇಕಾದರೆ ಆಪರೇಟರ್‌ಗಳೇ ತಂತಿ ಕೂಡಿಸಬೇಕಿತ್ತು. ಆಪರೇಟರ್‌ಗಳು ಪರಸ್ಪರ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರಿನ ಹೆಸರಿನಿಂದ ಕರೆಯುತ್ತಿದ್ದರು. ವತ್ಸಲಾ ಅವರು 'ಕಡವೂರು'. ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ 'ಹೊಸಬಂದರು' ಎಂದರೆ ರೋಹಿದಾಸ ತಾಂಡೇಲ. ಮೀನುಗಾರರ ಮನೆಯಲ್ಲಿ ಹುಟ್ಟಿ, ಮೆಟ್ರಿಕ್ ಮುಗಿಸಿ ಇಲಾಖೆಗೆ ಸೇರಿದವರು. ಬಾಡಿಗೆಯ ಕೋಣೆಯಲ್ಲಿ ಒಬ್ಬರೇ ಇದ್ದರು. ಇಬ್ಬರೂ ಹನ್ನೆರಡು ವರ್ಷ ದಿನವೂ ಮಾತನಾಡಿದ್ದರು, ಒಮ್ಮೆಯೂ ನೋಡಿರಲಿಲ್ಲ.

ಒಂದು ದಿನ ಕರೆಗಳು ಕಡಿಮೆಯಿದ್ದಾಗ ರೋಹಿದಾಸರು ಕೇಳಿದರಂತೆ: "ಕಡವೂರು, ನೀವು ಪುಸ್ತಕ ಬರೆದಿದ್ದೀರಿ ಅಂತ ಕೇಳ್ದೆ. ನಮ್ಗೆ ಕೊಡೋದಿಲ್ವಾ, ಇಲ್ಲಾ ದೊಡ್ಡೋರಿಗೆ ಮಾತ್ರವಾ?"

ಮರುದಿನವೇ ವತ್ಸಲಾ ನನ್ನನ್ನು ಕಾಗದದಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು. ಕೂಡಿಕೊಂಡ ಎಲೆಗಳ ವಿಷಯ ಹೇಳಲಿಲ್ಲ.

ರೋಹಿದಾಸರು ನಿಧಾನವಾಗಿ ಓದುವವರು. ಸ್ವಿಚ್‌ಬೋರ್ಡಿನ ಪಕ್ಕ ನನ್ನನ್ನು ತೆರೆದಿಟ್ಟು, ಕರೆ ಬಂದಾಗ ನನ್ನ ಮೇಲೆ ಅಡಿಪಟ್ಟಿ ಇಡುತ್ತಿದ್ದರು. ಅವರ ಕಿವಿಯ ಮೇಲಿನ ಯಂತ್ರದಿಂದ ವತ್ಸಲಾ ಅವರ ಧ್ವನಿ ನನಗೂ ಸಣ್ಣಗೆ ಕೇಳುತ್ತಿತ್ತು. ಅವರು ಬೊಂಬಾಯಿಯ ತಂತಿ ಕೇಳುತ್ತಿದ್ದರು, ಹುಬ್ಬಳ್ಳಿಯದು ಕೇಳುತ್ತಿದ್ದರು. ನನ್ನ ಸುದ್ದಿ ಕೇಳುತ್ತಿರಲಿಲ್ಲ. ಆದರೆ ಕರೆ ಮುಗಿದ ಮೇಲೂ ತಕ್ಷಣ ತಂತಿ ಬಿಡುತ್ತಿರಲಿಲ್ಲ.

"ಆ ಕೆಸರು ಸಿಗಡಿ ತಲೆ ಹೀರಿ ತಿನ್ನೋದು ಬರ್ದಿದ್ದೀರಲ್ಲ," ಎಂದರು ರೋಹಿದಾಸರು ಒಂದು ದಿನ, "ನಮ್ಮ ಅಪ್ಪ ಹೀಗೇ ತಿಂತಿದ್ದದ್ದು."

"ಮತ್ತೆ?"

"ಮತ್ತೆ ಎಂತದು, ಓದ್ತಾ ಇದ್ದೇನೆ."

ಮುಂದಿನ ವಾರ ಮಧ್ಯಾಹ್ನ ಅವರು ತೊಂಬತ್ತೇಳನೆಯ ಪುಟಕ್ಕೆ ಬಂದರು. ಹಾಳೆ ತಿರುಗಿಸಿದರು. ದಿನವಿಡೀ ನಂಬರು ಕೂಡಿಸುವ ಕಣ್ಣು. ನೂರು ಎಂಬ ಅಂಕಿಯ ಮೇಲೆ ನಿಂತಿತು. ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು, ಎಲೆಗಳನ್ನು ಬೆಳಕಿಗೆ ಹಿಡಿದರು. ಆಮೇಲೆ ಅಡಿಪಟ್ಟಿಯನ್ನು ಮಡಿಕೆಯೊಳಗೆ ತೂರಿಸಿ, ಕಾಗದ ಹರಿಯದಂತೆ ಮೆಲ್ಲಗೆ ಎಳೆದರು. ಅಚ್ಚಾದಂದಿನಿಂದ ಆ ಎರಡು ಪುಟಗಳಿಗೆ ಗಾಳಿ ತಾಗಿದ್ದು ಅದೇ ಮೊದಲು.

ಅವರು ಓದಿದರು. ಒಕ್ತಾವ್ ಹೇಳುತ್ತಾನೆ: ಹೆಚ್ಚು ಸಲ ಶಾ ಅನ್ನಿಸಿಕೊಳ್ಳುವುದು ಈ ದೋಣಿ, ಯಾಕೆಂದರೆ ಎಲ್ಲರಿಗಿಂತ ಹೆಚ್ಚು ಪುಸಲಾಯಿಸಬೇಕಾದದ್ದು ಇದನ್ನೇ. ಮೇಬಲ್ ಸಮಾಧಾನಗೊಂಡು ಎದ್ದು ನಿಲ್ಲುತ್ತಾಳೆ, ದೋಣಿ ಮಗುಚುತ್ತದೆ. ಕುತ್ತಿಗೆ ಮಟ್ಟ ಕೆಸರಿನಲ್ಲಿ ನಿಂತು ಅವಳು ತನ್ನ ಅಳತೆಯ ಯಂತ್ರವನ್ನು ತಲೆಯ ಮೇಲೆತ್ತಿ ಹಿಡಿದು, "ನೀನೊಂದು ಒದ್ದೆಯಾಗಬೇಡ ಶಾ," ಎಂದು ಬೇಡಿಕೊಳ್ಳುತ್ತಾಳೆ.

ರೋಹಿದಾಸರ ಗದ್ದ ನಡುಗಲು ಶುರುವಾಯಿತು. ಮೊದಲು ಮೂಗಿನಿಂದ ಗಾಳಿ ಬಂತು, ಆಮೇಲೆ ಹೊಟ್ಟೆ ಮೇಜಿಗೆ ತಾಗಿ ತಾಗಿ ಬೋರ್ಡಿನ ತಂತಿಗಳೆಲ್ಲ ಅಲುಗಿದವು. ಕಡವೂರಿನ ತಂತಿ ಚುಚ್ಚಿದರು. ಬರೀ ನಗು ಹೋಯಿತು.

"ಹೊಸಬಂದರು? ಎಂತಾಯ್ತು?" ಎಂದು ಆ ಕಡೆಯಿಂದ ಗಾಬರಿ.

"ನಮಸ್ಕಾರ ಶಾ," ಎಂದರು ಇವರು, ಕಣ್ಣೊರೆಸಿಕೊಳ್ಳುತ್ತ.

ಕಡವೂರಿನಲ್ಲಿ ಬೊಂಬಾಯಿ ಕರೆಗೆ ಕಾದು ಕೂತಿದ್ದ ಗೋಡಂಬಿ ವ್ಯಾಪಾರಿಯೊಬ್ಬರ ತಂತಿಯೂ ತೆರೆದಿತ್ತು. "ಶಾ ಸೇಠ್ ಸಿಕ್ರಾ?" ಎಂದು ಅವರು ನಡುವೆ ಬಂದರು. "ನಮಸ್ಕಾರ ಸೇಠ್‌ಜಿ, ಮಾಲು ನಿನ್ನೆಯೇ ಲಾರಿಗೆ ಹಾಕಿದ್ದೇವೆ."

ಆ ಕಡೆ ವತ್ಸಲಾ ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎರಡೂ ಊರುಗಳ ನಗು ಒಂದೇ ತಂತಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು, ನಡುವೆ ವ್ಯಾಪಾರಿ ಹಲೋ ಹಲೋ ಎನ್ನುತ್ತಿದ್ದರು. ಅವರಿಗೆ ಬೊಂಬಾಯಿ ಕೊಟ್ಟ ಮೇಲೆ ವತ್ಸಲಾ ತಗ್ಗಿದ ದನಿಯಲ್ಲಿ ಕೇಳಿದರು:

"ಹಾಳೆ ಬಿಡಿಸಿದ್ರಾ?"

"ಬಿಡಿಸ್ದೆ. ತಪ್ಪಾಯ್ತಾ?"

"ಇಲ್ಲ."

"ಅಂದ್ರೆ ನನಗಿಂತ ಮೊದ್ಲು ಇದನ್ನ ಯಾರೂ..." ರೋಹಿದಾಸರು ಅಲ್ಲಿಗೇ ನಿಲ್ಲಿಸಿದರು. ವತ್ಸಲಾ ಹುಬ್ಬಳ್ಳಿಯ ಒಂದು ನಂಬರು ಕೇಳಿದರು. ಇವರು ಕೂಡಿಸಿ ಕೊಟ್ಟರು.

ಅದಾದ ಮೇಲೆ ದಿನವೂ ನನ್ನ ಮಾತೇ. ಕೊನೆಯಲ್ಲಿ ಒಕ್ತಾವ್ ದೋಣಿ ಮಾರಿ ಮೇಬಲ್ ಹಿಂದೆ ಪಟ್ಟಣಕ್ಕೆ ಹೋಗುವುದನ್ನು ರೋಹಿದಾಸರು ಒಪ್ಪಲೇ ಇಲ್ಲ.

"ಅವ್ನು ಅಲ್ಲಿ ಹೋಗಿ ಎಂತ ಮಾಡ್ತಾನೆ ಮಾರಾಯ್ರೆ? ಅವ್ಳೇ ಬಂದು ಇರ್ಬಹುದಿತ್ತಲ್ಲ."

"ಬರೆದೋರು ಹಾಗೆ ಬರೆದಿದ್ದಾರೆ. ನಾನು ತಿದ್ದೋಕಾಗ್ತದಾ?"

"ಶಾ ಅನ್ನೋದನ್ನ ಉಳಿಸೋ ಧೈರ್ಯ ಇತ್ತಲ್ಲ, ಇದಕ್ಕೆಲ್ಲಿ ಹೋಯ್ತು?"

ಇಂಥ ಬೈಗುಳಕ್ಕಾಗಿಯೇ ವತ್ಸಲಾ ಅಷ್ಟು ವರ್ಷ ಕಾದಿದ್ದರು ಎಂದು ಅವರ ದನಿಯಿಂದ ನನಗೆ ತಿಳಿಯುತ್ತಿತ್ತು.

ಎರಡು ವರ್ಷದ ನಂತರ ಎರಡೂ ಊರಿಗೆ ಹೊಸ ಯಂತ್ರ ಬಂತು. ಜನ ತಾವೇ ನಂಬರು ತಿರುಗಿಸಿ ಎಲ್ಲಿಗೆ ಬೇಕಾದರೂ ಮಾತನಾಡತೊಡಗಿದರು. ಸ್ವಿಚ್‌ಬೋರ್ಡ್ ಮುಚ್ಚಿದರು. ಕೊನೆಯ ದಿನ ವತ್ಸಲಾ, "ಪುಸ್ತಕ ಕಂಡಕ್ಟರ್ ಹತ್ರ ಕಳಿಸಿಕೊಡಿ," ಎಂದರು.

"ಕಳಿಸೋದಿಲ್ಲ. ಬಂದು ತಗೊಂಡು ಹೋಗಿ."

"ನೋಡೋಣ," ಎಂದರು ವತ್ಸಲಾ.

ಅವರು ಬಂದರು. ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದ ಹೆಂಗಸನ್ನು ರೋಹಿದಾಸರು ಯಾರೋ ವಿಳಾಸ ಕೇಳಲು ಬಂದವರೆಂದುಕೊಂಡರು. ಮಾತು ಬಂದ ಮೇಲೆಯೇ ಗುರುತು ಹತ್ತಿದ್ದು. ಇದ್ದ ಒಂದೇ ಕುರ್ಚಿ ಕೊಟ್ಟು, ತಾವು ಟ್ರಂಕಿನ ಮೇಲೆ ಕೂತರು. ಹಿಂದಿನ ದಿನವೇ ನನ್ನನ್ನು ಹೊಸ ಕಾಗದದಲ್ಲಿ ಸುತ್ತಿ ಮೇಜಿನ ಮೇಲೆ ಇಟ್ಟಿದ್ದರು.

"ಬಸ್ ಸಿಕ್ತಾ?"

"ಸಿಕ್ತು."

"ಚಹಾಕ್ಕೆ ಸಕ್ಕರೆ?"

"ಸಾಕು."

ನಾನು ಕಾದೆ. ಹದಿನಾಲ್ಕು ವರ್ಷ ಮಾತನಾಡಿದವರು ಅವರು. ವತ್ಸಲಾ ಗೋಡೆಯ ಕ್ಯಾಲೆಂಡರ್ ನೋಡಿದರು, ರೋಹಿದಾಸರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಎದುರಿಗೆ ಮುಖವೊಂದು ಇದ್ದಾಗ ಆ ಮಾತಿಗೆ ಎಲ್ಲಿಂದ ಹೊರಡಬೇಕೆಂದು ತಿಳಿಯುತ್ತಿರಲಿಲ್ಲ. 'ಕಡವೂರು' ಎಂದು ಕರೆಯಲು ಅವರ ಬಾಯಿ ತೆರೆಯಿತು. "ನೀವು ಊಟ ಮಾಡಿ ಹೋಗಿ," ಎಂಬುದು ಹೊರಬಂತು. ಅತ್ತಿಗೆ ಕಾಯುತ್ತಾರೆ ಎಂದು ವತ್ಸಲಾ ಎದ್ದರು. ಹನ್ನೊಂದರ ಬಸ್ಸಿಗೆ ಹೊರಟುಹೋದರು. ನಾನು ಮೇಜಿನ ಮೇಲೇ ಇದ್ದೆ. ಬಂದ ಕೆಲಸವನ್ನು ಇಬ್ಬರೂ ಎತ್ತಲಿಲ್ಲ.

ಆ ಸಂಜೆ ರೋಹಿದಾಸರು ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಎಸ್‌ಟಿಡಿ ಬೂತಿಗೆ ಹೋದರು. ಗಾಜಿನ ಪೆಟ್ಟಿಗೆಯೊಳಗೆ ನಿಂತು, ಜೀವನದಲ್ಲಿ ಮೊದಲ ಸಲ ತಮಗಾಗಿ ಒಂದು ನಂಬರು ತಿರುಗಿಸಿದರು, ವತ್ಸಲಾ ಅವರ ಹಿಂದಿನ ಕೋಣೆಯ ಫೋನಿನದು.

"ಕಡವೂರು? ಪುಸ್ತಕ ಬಿಟ್ಟು ಹೋಗಿದ್ದೀರಿ."

"ಗೊತ್ತು. ಬಸ್ ಹತ್ತಿದ ಮೇಲೆ ನೆನಪಾಯ್ತು."

"ಇಳೀಬಹುದಿತ್ತು."

"ಇಳಿದು ಎಂತ ಮಾಡೋದು? ನೀವು ಮತ್ತೆ ಸಕ್ಕರೆ ಎಷ್ಟು ಅಂತ ಕೇಳ್ತಿದ್ರಿ."

ರೋಹಿದಾಸರು ಗಾಜಿಗೆ ಹಣೆ ಊರಿ ನಕ್ಕರು. ಅಲ್ಲಿಂದ ಮಾತು ಸರಾಗವಾಗಿ ಹರಿಯಿತು. ಮತ್ತೆ ಅವರು ಭೇಟಿಯಾಗಲಿಲ್ಲ. ಭಾನುವಾರಕ್ಕೊಮ್ಮೆ ಮಾತನಾಡುತ್ತಿದ್ದರು, ಮೊದಲು ಬೂತಿನಿಂದ, ನಿವೃತ್ತಿಯ ನಂತರ ಕೋಣೆಗೇ ಬಂದ ಫೋನಿನಿಂದ. ತಮ್ಮ ಕಿವಿ ಮಂದವಾದಂತೆ ರೋಹಿದಾಸರು ನನ್ನನ್ನು ಜೋರಾಗಿ ಓದಿ ಹೇಳುತ್ತಿದ್ದರು. ತಾವೇ ಬರೆದ ಸಾಲುಗಳನ್ನು ವತ್ಸಲಾ ಹೊಸದಾಗಿ ಕೇಳಿದವರಂತೆ ಕೇಳಿ, ಒಂದೊಂದು ಮಾತನ್ನು ಈಗ ಬೇರೆ ಥರ ಬರೆಯುತ್ತಿದ್ದೆ ಎನ್ನುತ್ತಿದ್ದರು. ಬೇರೆ ಪುಸ್ತಕ ಅವರು ಅನುವಾದಿಸಲಿಲ್ಲ. ಯಾಕೆಂದು ಇವರು ಕೇಳಿದಾಗ, "ಒಂದಕ್ಕೆ ಒಬ್ರು ಸಿಕ್ಕಿದ್ದೀರಿ, ಇನ್ನೊಂದಕ್ಕೆ ಎಲ್ಲಿ ಹುಡುಕ್ಲಿ," ಎಂದರು.

ಕಳೆದ ಮಳೆಗಾಲದ ಒಂದು ಮಂಗಳವಾರ ಫೋನು ಬಂತು. ಮಾತನಾಡಿದ್ದು ಅತ್ತಿಗೆ. ಅಳುತ್ತಿರಲಿಲ್ಲ, ವತ್ಸಲಾ ತೀರಿಕೊಂಡದ್ದನ್ನು ನಿಧಾನವಾಗಿ ಹೇಳಿದರು. ಕೊನೆಗೆ, "ನಂಬರಿನ ಮುಂದೆ ನಿಮ್ಮ ಊರಿನ ಹೆಸ್ರೇ ಬರ್ದಿಟ್ಟಿದ್ಲು, ಮನುಷ್ಯರ ಹೆಸ್ರು ಇರ್ಲಿಲ್ಲ. ಯಾವ ಆಫೀಸೋ ಅಂತ ಮಾಡ್ದೆ," ಎಂದರು. "ನೀವು ಅವ್ಳಿಗೆ ಎಂತಾಗ್ಬೇಕು?"

ರೋಹಿದಾಸರಿಗೆ ಸರಿಯಾಗಿ ಕೇಳಿಸಲಿಲ್ಲ. ಅತ್ತಿಗೆ ಮತ್ತೊಮ್ಮೆ, ಜೋರಾಗಿ ಕೇಳಿದರು.

"ಓದುಗ," ಎಂದರು ಅವರು.

ನನಗೆ ಈಗ ವಯಸ್ಸಾಗಿದೆ. ಹೊಲಿಗೆ ಸಡಿಲವಾಗಿದೆ, ಹಾಳೆಗಳು ಚಹಾದ ಬಣ್ಣಕ್ಕೆ ತಿರುಗಿವೆ. ಉಳಿದ ಪ್ರತಿಗಳು ಎಲ್ಲಿವೆಯೋ ತಿಳಿಯದು. ಅವುಗಳ ಪುಟಗಳೆಲ್ಲ ಸರಿಯಾಗಿ ಕತ್ತರಿಸಿದ್ದವು, ಆದರೂ ಯಾರಾದರೂ ಅವನ್ನು ತೆರೆದರೋ ಇಲ್ಲವೋ. ಬೇರೆ ಪುಸ್ತಕಗಳಂತೆ ನಾನು ಕಪಾಟಿನಲ್ಲಿಲ್ಲ, ಫೋನಿನ ಪಕ್ಕದಲ್ಲಿದ್ದೇನೆ. ಭಾನುವಾರ ಬಂದರೆ ರೋಹಿದಾಸರು ಕುರ್ಚಿ ಎಳೆದುಕೊಂಡು ನನ್ನನ್ನು ತೆರೆಯುತ್ತಾರೆ, ಗಂಟಲು ಸರಿಮಾಡಿಕೊಳ್ಳುತ್ತಾರೆ, ಜೋರಾಗಿ ಒಂದು ಪುಟ ಓದುತ್ತಾರೆ. ಓದಿ ಸ್ವಲ್ಪ ನಿಲ್ಲುತ್ತಾರೆ, ಆ ಕಡೆಯವರು ನಗಲು ಬೇಕಾಗುವಷ್ಟು ಹೊತ್ತು. ಆಮೇಲೆ ಮುಂದಿನ ಪುಟ ತಿರುಗಿಸುತ್ತಾರೆ.