ಕಾಮಾಲೆ ಇಳಿಸುವ ಮನೆ

"ಊಸಿ ಚುಚ್ಚಿಸಿ ಚುಚ್ಚಿಸಿ ನನ್ ಮಗನ್ನ ಕೊಂದೋಳು ನೀನು! ಈಗ ಉಳ್ದಿರೋ ಒಬ್ಬನ್ನೂ ನುಂಗಕ್ಕೆ ಬಂದ್ಯಾ? ಇಳಿಯೇ ಜಗ್ಲಿಯಿಂದ!"

"ಇಳೀತೀನಿ ಅತ್ತೆ. ತಂಬೀನ ಕರ್ಕೊಂಡೇ ಇಳೀತೀನಿ."

"ತಾಲಿ ತೆಗೆದ ದಿನವೇ ನಿಂಗೂ ಈ ಮನೆಗೂ ಮುಗೀತು. ತಂಬಿಯಂತೆ ತಂಬಿ!"

ಜೆಯಲಕ್ಷ್ಮಿ ಮಾವಿನ ತೊಗಟೆ ಜಜ್ಜುತ್ತಿದ್ದ ಗುಂಡುಕಲ್ಲನ್ನು ಹಾಗೇ ಎತ್ತಿ ಹಿಡಿದಿದ್ದಳು. ಎದುರಿಗೆ ನಿಂತವಳು ಸತ್ತ ಹಿರಿಮಗ ಸೆಂದಿಲ್‌ಕುಮಾರನ ಹೆಂಡತಿ ತೇನ್‌ಮೊಳಿ. ಗಂಡ ಹೋದ ಮೇಲೆ ದಿಂಡಿಗಲ್ಲಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡವಳು, ಎರಡು ವರ್ಷದಿಂದ ಚಿನ್ನಮನೂರಿನ ಈ ಬೀದಿಗೆ ಕಾಲಿಟ್ಟಿರಲಿಲ್ಲ. ಅವಳು ತಂಬಿ ಎನ್ನುವ ಮೈದುನ, ಈ ಮನೆಯ ಕಿರಿಮಗ ಮೋಹನ್‌ರಾಜನ ಕಣ್ಣು ಹಳದಿಯಾಗಿದೆ ಎಂದು ಅವನ ಅಕ್ಕ ಮಣಿಮೇಗಲೈ ನಿಲಕ್ಕೋಟ್ಟೈಯಿಂದ ಫೋನ್ ಮಾಡಿ ಹೇಳಿದ್ದೇ ತಡ, ಸಿಕ್ಕಿದ ಬಸ್ಸು ಹತ್ತಿ ಬಂದಿದ್ದಳು.

ಜಗಲಿಯ ಮೇಲೆ ಉತ್ತಮಪಾಳಯದ ಗಂಡ ಹೆಂಡಿರು ಕೂತಿದ್ದರು. ಗಂಡ ರಾಜೇಂದ್ರನ್ ಬಾಳೆಗೊನೆ ಹೊರುವ ಆಳು. ಅವನ ಕಣ್ಣೂ ಉಗುರೂ ಗೊನೆಯ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು.

"ನೀವು ಜಗಳ ಮುಗ್ಸಿ ಅಕ್ಕಾ, ನಮಗೇನೂ ಅವಸರ ಇಲ್ಲ" ಎಂದಳು ಹೆಂಡತಿ ಕಾಳಿಯಮ್ಮಾಳ್.

"ನಂಗೈತೆ" ಎಂದ ರಾಜೇಂದ್ರನ್.

ಕಂಬಂ ಊರಿನಿಂದ ದಿಂಡಿಗಲ್ಲಿನವರೆಗೂ ಕನ್ನಡ ಮಾತಾಡುವ ಮನೆಗಳಲ್ಲಿ ಯಾರಿಗೆ ಕಾಮಾಲೆಯಾದರೂ ಬರುತ್ತಿದ್ದುದು ಈ ಜಗಲಿಗೇ. ಮಾವಿನ ತೊಗಟೆಯ ರಸವನ್ನು ಅಂಗೈಗೆ ತಿಕ್ಕಬೇಕು. ಕಂಚಿನ ತಟ್ಟೆಯ ಮೇಲೆ ಕೈ ಹಿಡಿಸಿ ಸುಣ್ಣದ ತಿಳಿನೀರು ಹೊಯ್ಯಬೇಕು. ತಟ್ಟೆಗೆ ಬೀಳುವ ನೀರು ಅರಿಶಿನದಂತೆ ಹಳದಿಯಾಗುತ್ತದೆ. ಮೈಯೊಳಗಿನ ಕಾಮಾಲೆ ಇಳಿಯಿತು ಎಂದು ಲೆಕ್ಕ. ಅತ್ತೆಯಿಂದ ಕಲಿತದ್ದನ್ನು ಜೆಯಲಕ್ಷ್ಮಿ ನೇಮದಂತೆ ನಡೆಸಿಕೊಂಡು ಬಂದಿದ್ದಳು. ಬಂದವರಲ್ಲಿ ಹೆಚ್ಚಿನವರಿಗೆ ತಿಂಗಳೊಪ್ಪತ್ತಿನಲ್ಲಿ ತಾನಾಗಿಯೇ ವಾಸಿಯಾಗುತ್ತಿತ್ತು. ವಾಸಿಯಾಗದವರು ದೂರು ಹೇಳಲು ತಿರುಗಿ ಬರುತ್ತಿರಲಿಲ್ಲ. ಹೀಗಾಗಿ ಅವಳ ಕೈಗುಣಕ್ಕೆ ಕುಂದೇ ಬಂದಿರಲಿಲ್ಲ.

ಸೆಂದಿಲನಿಗೂ ಅವಳೇ ಇಳಿಸಿದ್ದಳು. ಅವನ ಕಣ್ಣು ಬೆಳ್ಳಗಾಗಿತ್ತು, ತೋಟಕ್ಕೆ ಹೋಗಿದ್ದ, ಹೊಟ್ಟೆ ತುಂಬ ಉಂಡಿದ್ದ. ಕೆಲವು ವರ್ಷ ಕಳೆದ ಮೇಲೆ ಬಲಗಡೆ ಪಕ್ಕೆಯ ಕೆಳಗೆ ಗಟ್ಟಿಯಾಗಿ ಏನೋ ಕೈಗೆ ಸಿಕ್ಕಿತು. ತೇನ್‌ಮೊಳಿ ಅವನನ್ನು ಮದುರೈಗೆ ಕರೆದುಕೊಂಡು ಹೋದಳು. ಅಲ್ಲಿ ಪಕ್ಕೆಗೆ ಊಸಿ, ಅಂದರೆ ಸೂಜಿ, ಇಳಿಸಿ ನೋಡಿದರು, ಲಿವರಿನಲ್ಲಿ ಪುತ್ತುನೋಯ್ ಎಂದರು. ಊರ ಕನ್ನಡದಲ್ಲೂ ಕ್ಯಾನ್ಸರಿಗೆ ಅದೇ ಹೆಸರು. ಮೂವತ್ತನಾಲ್ಕರ ಗಂಡಾಳು ಮುಂದಿನ ಪೊಂಗಲ್ ನೋಡಲಿಲ್ಲ.

ಆದರೆ ಅವನು ಮನೆ ಬಿಟ್ಟೂ ಹೋಗಲಿಲ್ಲ. ಯಾರ ಕೈಗೆ ಸುಣ್ಣದ ನೀರು ಹೊಯ್ದರೂ, ನಡುಹಗಲಿನಲ್ಲೇ, ಜಗಲಿಯ ಕೊನೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದ. ಎರಡೂ ಕೈ ಮುಂದೆ ಚಾಚಿರುತ್ತಿದ್ದ. "ಅವ್ವಾ, ನನ್ ಸರದಿ ಯಾವಾಗ?" ಎನ್ನುತ್ತಿದ್ದ. ಮಾತಿನಲ್ಲಿ ಸಿಟ್ಟು ಇರುತ್ತಿರಲಿಲ್ಲ. ಹೊಲದಿಂದ ಬಂದವನು ಊಟ ಕೇಳಿದಂತೆ ಇರುತ್ತಿತ್ತು. ಜೆಯಲಕ್ಷ್ಮಿ ಆ ಕಂಬದ ಕಡೆ ಮುಖ ಮಾಡುವುದನ್ನೇ ಬಿಟ್ಟಿದ್ದಳು. ಅಲ್ಲಿ ಯಾರಾದರೂ ಕೂರಲು ಹೋದರೆ, "ಅಲ್ಲಿ ಬೇಡ, ಈ ಕಡೆ ಬನ್ನಿ" ಎಂದು ಗದರುತ್ತಿದ್ದಳು.

ಗದ್ದಲ ಕೇಳಿ ಮೋಹನ್‌ರಾಜ್ ಒಳಗಿನಿಂದ ಬಂದ. ಕೈಯಲ್ಲಿ ನೆಲನೆಲ್ಲಿ ಅರೆದು ಕಲಸಿದ ಆಡಿನ ಹಾಲಿನ ಲೋಟ ಇತ್ತು. ಅಣ್ಣ ಸತ್ತ ಮೇಲೆ ಪ್ರತಿ ಮಂಗಳವಾರ ತಪ್ಪದೆ ತಾಯಿ ಕುಡಿಸುತ್ತಿದ್ದಳು. ಈಗ ದಿನಾ ಎರಡು ಹೊತ್ತು.

"ಅಣ್ಣೀ, ನಾನ್ ಬರಲ್ಲ" ಎಂದ ಅತ್ತಿಗೆಗೆ. "ಊಸಿ ಹಾಕಿದ್ಮೇಲೇ ಅಣ್ಣ ಬಿದ್ದಿದ್ದು, ಊರಿಗೇ ಗೊತ್ತೈತೆ."

"ಊಸಿಯಿಂದ ಗಡ್ಡೆ ಬರ್ಲಿಲ್ಲ ತಂಬಿ, ಗಡ್ಡೆ ಇದ್ದಿದ್ಕೆ ಊಸಿ ಹಾಕಿದ್ದು" ಎಂದಳು ತೇನ್‌ಮೊಳಿ. "ಹೆಪಟೈಟಿಸ್ ಬಿ ಅಂತಾರೆ. ಅದರ ಕಿರುಮಿ ಹುಟ್ಟಿದಾಗ್ನಿಂದ್ಲೇ ನಿಮ್ಮಣ್ಣನ್ ರಕ್ತದಲ್ಲಿತ್ತಂತೆ. ಕಣ್ಣು ಬೆಳ್ಳಗಾದ್ರೂ ಅದು ಹೋಗಿರ್ಲಿಲ್ಲ. ಸದ್ದಿಲ್ದೆ ವರ್ಷಗಟ್ಲೆ ಲಿವರ್ ತಿಂದು, ಕಡೇಗೆ ಪುತ್ತುನೋಯ್ ಆಯ್ತು. ನಿಂಗೂ ಇರ್ಬೌದು. ಇದ್ರೆ ಮಾತ್ರೆ ಐತೆ ಕಣಪ್ಪ, ಅಡಗಿಸಿ ಇಡ್ತಾರೆ. ಒಂದ್ಸಲ ತೇನಿ ಆಸ್ಪತ್ರೆಗೆ ಬಾ, ರಕ್ತ ಕೊಟ್ಟು ಬರಾಣ."

"ರಕ್ತದಲ್ಲಿದ್ರೆ ನನ್ ತಟ್ಟೆಗೆ ಇಳೀತೈತೆ!" ಜೆಯಲಕ್ಷ್ಮಿ ಮಗನ ರಟ್ಟೆ ಹಿಡಿದು ಕೂರಿಸಿದಳು. ಅಂಗೈಗೆ ರಸ ತಿಕ್ಕಿ ನೀರು ಹೊಯ್ದಳು. ತಟ್ಟೆಯಲ್ಲಿ ಹಳದಿ ಕಟ್ಟಿತು. "ನೋಡೇ! ಕಣ್ಣಿದ್ರೆ ನೋಡು!"

ಕಾಳಿಯಮ್ಮಾಳ್ ಕೈ ಮುಗಿದಳು.

ತೇನ್‌ಮೊಳಿ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಉಳಿದ ರಸವನ್ನು ತನ್ನ ಅಂಗೈಗೆ ತಿಕ್ಕಿಕೊಂಡು ಕೈ ನೀಡಿದಳು. "ಹೊಯ್ಯಿರಿ ಅತ್ತೆ."

"ನಿಂಗೇನ್ ರೋಗ?"

"ಏನೂ ಇಲ್ಲ. ಮದುರೈಲಿ ನನ್ ರಕ್ತಾನೂ ನೋಡಿದ್ರು. ಸುದ್ದವಾಗೈತೆ ಅಂದ್ರು, ಬರ್ದಂಗೆ ತಡುಪೂಸಿನೂ ಹಾಕಿದ್ರು. ಹೊಯ್ಯಿರಿ."

ಜೆಯಲಕ್ಷ್ಮಿಯ ಕೈ ಮೇಲೇಳಲಿಲ್ಲ. ಮೋಹನ್‌ರಾಜನೇ ತಟ್ಟೆಯ ನೀರು ಚೆಲ್ಲಿ, ಚೆಂಬು ಎತ್ತಿ ಹೊಯ್ದ. ಅದೇ ಹಳದಿ. ಅವನದಕ್ಕಿಂತ ಒಂದು ಕೈ ಹೆಚ್ಚೇ.

"ಅಯ್ಯಯ್ಯೋ, ಅಷ್ಟರಲ್ಲೇ ಅಂಟ್ಕೊಂಡ್ತಾ?" ಎಂದ ರಾಜೇಂದ್ರನ್. ಕಾಳಿಯಮ್ಮಾಳ್ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅಂಟಿದ್ದಲ್ಲಣ್ಣ. ತೊಗಟೆಗೆ ಸುಣ್ಣ ಬಿದ್ರೆ ಹಳದಿ ಬರ್ತೈತೆ, ಅಷ್ಟೆ. ಯಾರ್ ಕೈ ಇಟ್ರೂ ಬರ್ತೈತೆ."

ಮೋಹನ್‌ರಾಜ್ ತಾಯಿಯ ಕಡೆ ತಿರುಗಿದ. "ಅವ್ವ, ನೀನ್ ಕೈ ನೀಡು."

ಇಷ್ಟು ವರ್ಷದಲ್ಲಿ ಅವಳು ಆ ನೀರಿಗೆ ತನ್ನ ಕೈ ಒಡ್ಡಿದವಳಲ್ಲ. ಮಗನೇ ರಸ ತಿಕ್ಕಿದ, ನೀರು ಹೊಯ್ದ. ಬೆರಳ ಸಂದಿಯಿಂದ ಹಳದಿ ಹನಿ ಹನಿಯಾಗಿ ಇಳಿಯಿತು. ತೇನ್‌ಮೊಳಿಯ ಕೈಯದು ತೊಗಟೆಯ ಬಣ್ಣ, ಸರಿ. ತನ್ನದು ಮಾತ್ರ ಬಣ್ಣವಲ್ಲ ಅನ್ನಿಸಿತು ಜೆಯಲಕ್ಷ್ಮಿಗೆ. ಕೊನೆಯ ಕಂಬದ ಹತ್ತಿರ ಯಾರೋ ಉಸಿರೆಳೆದು ಬಿಟ್ಟಂತಾಯಿತು.

"ಅಣ್ಣೀ," ಮೋಹನ್‌ರಾಜನ ದನಿ ಇಳಿದಿತ್ತು, "ಇಷ್ಟೆಲ್ಲ ಗೊತ್ತಿದ್ದು ಎರಡ್ ವರ್ಷ ಯಾಕ್ ಬಾಯ್ ಮುಚ್ಕೊಂಡಿದ್ರಿ?"

ತೇನ್‌ಮೊಳಿ ಅತ್ತೆಯ ಮುಖ ನೋಡಿದಳು. ಜೆಯಲಕ್ಷ್ಮಿ ತಲೆ ಎತ್ತಲಿಲ್ಲ.

"ಹೇಳಿದ್ದೆ ತಂಬಿ. ಮದುರೈ ಆಸ್ಪತ್ರೇಲೇ, ಡಾಕ್ಟರ್ ಹೇಳಿದ್ ಗಳಿಗೇಲೇ. ಹೆತ್ತವ್ವನಿಂದ ಮಕ್ಳಿಗೆ ಬಂದಿರ್ಬೌದು, ಅವ್ವ ಮಕ್ಳು ಎಲ್ರೂ ರಕ್ತ ತೋರಿಸ್ಬೇಕು ಅಂದ್ರು. ಅತ್ತೆ, 'ನಾನೇ ಅವ್ನಿಗೆ ಹೇಳ್ತೀನಿ, ನೀನ್ ಬಾಯ್ ಬಿಡ್ಬೇಡ' ಅಂತ ನಿಮ್ಮಣ್ಣನ್ ಮೇಲೆ ಆಣೆ ಹಾಕ್ಸಿದ್ರು. ನಿನ್ ಕಣ್ಣು ಹಳದಿ ಆಯ್ತು ಅಂತ ಕೇಳೋವರ್ಗೂ ಹೇಳಿದ್ದಾರೆ ಅಂದ್ಕೊಂಡಿದ್ದೆ."

"ಅವ್ವ?"

ಸುಳ್ಳು ಹೇಳಬಹುದಿತ್ತು. ಊರೆಲ್ಲ ಸೊಸೆಯನ್ನು ಗಂಡನನ್ನು ತಿಂದವಳು ಎನ್ನುವಾಗ ಸುಮ್ಮನಿದ್ದವಳಿಗೆ ಇನ್ನೊಂದು ಸುಳ್ಳು ಭಾರವಾಗುತ್ತಿರಲಿಲ್ಲ. ಆದರೆ ಕಂಬದ ಕಡೆಯವನು ಕೇಳಿಸಿಕೊಳ್ಳುತ್ತಿದ್ದ.

"ನಿನ್ ರಕ್ತದಲ್ಲಿದ್ರೆ ಅದು ನನ್ದೇ ಅಲ್ವೇನೋ?" ಎಂದಳು. "ಸೆಂದಿಲಂಗೂ ನಾನೇ ಕೊಟ್ಟಿದ್ದು ಅಂತಾಗ್ತಿತ್ತು. ಊರವರ ಕಾಮಾಲೆ ಇಳ್ಸೋಳು ಹೊಟ್ಟೇಲ್ ಹುಟ್ಟಿದೋನಿಗೆ ಸಾವು ಕೊಟ್ಲು ಅಂತ ನನ್ ಬಾಯಲ್ಲೇ ಹೆಂಗೋ ಹೇಳ್ಲಿ?"

"ಗೊತ್ತಿಲ್ದೆ ಬಂದಿದ್ದಕ್ಕೆ ಯಾರ್ ತಪ್ಪೂ ಇಲ್ಲ ಅತ್ತೆ" ಎಂದಳು ತೇನ್‌ಮೊಳಿ. ಮುಂದಿನ ಮಾತು ಆಡಲಿಲ್ಲ.

ಅದನ್ನು ಆಡಿದವನು ಮೋಹನ್‌ರಾಜ್. "ಗೊತ್ತಿದ್ದೇ ನಂಗೆ ಮಂಗಳವಾರ ಮಂಗಳವಾರ ಎಲೆ ಅರೆದ್ ಕುಡಿಸ್ದೆ. ಮೈಗೆ ತಂಪು ಅಂದೆ. ನಾನೂ ಅಣ್ಣನಂಗೆ ಹೋಗ್ತೀನೋ ಏನೋ ಅಂತ ದಿನಾ ನನ್ ಮುಖ ನೋಡ್ಕೊಂಡೇ ಕೂತಿದ್ದೆ. ಪೋದುಂ ಅವ್ವ. ಸಾಕು."

ಲೋಟವನ್ನು ಜಗಲಿಯ ಮೇಲಿಟ್ಟ. ಹಗ್ಗದ ಮೇಲೆ ಒಣಗುತ್ತಿದ್ದ ಅಂಗಿ ಎಳೆದು ತೊಟ್ಟ, ಅದಿನ್ನೂ ಹಸಿಯಾಗಿತ್ತು.

"ಉಂಡ್ಕೊಂಡ್ ಹೋಗೋ. ಪತ್ಯದ ಅಡಿಗೆ ಮಾಡಿವ್ನಿ."

ಅವನು ಬೀದಿಗೆ ಇಳಿದಿದ್ದ. ತೇನ್‌ಮೊಳಿ ರಾಜೇಂದ್ರನ್ ಕಡೆ ತಿರುಗಿ, "ನೀವೂ ಎದ್ದೇಳಿ ಅಣ್ಣ, ಒಂದೇ ಬಸ್ಸಲ್ಲಿ ಹೋಗಣ" ಎಂದಳು. ಗಂಡ ಹೆಂಡಿರು ಮುಖ ಮುಖ ನೋಡಿಕೊಂಡು ಎದ್ದರು.

ಜೆಯಲಕ್ಷ್ಮಿ ಹಳದಿ ಕೈಯಲ್ಲೇ ಹಿಂದೆ ಓಡಿದಳು. "ನಾನೂ ಬರ್ತೀನಿ ತಡಿಯೋ! ನಂದೂ ರಕ್ತ ನೋಡ್ಲಿ!"

"ಬೇರೆ ಬಸ್ಸಲ್ಲಿ ಬಾ" ಎಂದ ಮೋಹನ್‌ರಾಜ್, ತಿರುಗಿ ನೋಡದೆ.

ಅವಳು ಬೇರೆ ಬಸ್ಸಲ್ಲೇ ಹೋದಳು. ತಾಯಿ ಮಗ ಇಬ್ಬರ ರಕ್ತದಲ್ಲೂ ಅದು ಇತ್ತು. ಅವನ ಲಿವರಿನಲ್ಲಿ ಗಡ್ಡೆ ಕಾಣಿಸಲಿಲ್ಲವೆಂದೂ, ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಎಂದೂ ಮಣಿಮೇಗಲೈ ಫೋನಿನಲ್ಲಿ ಹೇಳಿದಳು. ದಿಂಡಿಗಲ್ಲಿನಲ್ಲಿ ರೂಮು ಹಿಡಿದಿದ್ದಾನೆ ಎಂದಳು. ಯಾವ ಬೀದಿ ಎಂದು ತಾಯಿ ಕೇಳಿದ್ದಕ್ಕೆ, "ಹೇಳ್ಬೇಡ ಅಂದಿದ್ದಾನೆ ಅವ್ವ" ಎಂದಳು.

ಆ ದಿನ ಹಸಿ ಅಂಗಿಯಲ್ಲಿ ಬೀದಿಗೆ ಇಳಿದವನು ಚಿನ್ನಮನೂರಿಗೆ ಮತ್ತೆ ಬರಲಿಲ್ಲ.